ಗಣಿತದ ತರಗತಿಗೆ ಇಬ್ಬರಾಡುವ ಆಟಗಳು ಬರಲಿ

ಸಂಪಾದಕರಿಗೆ,

ಮಾನ್ಯರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ, ಮಕ್ಕಳು ಗಣಿತದಲ್ಲಿ ಹಿಂದೆ ಬೀಳುವುದೇಕೆ ಎಂಬ ಚರ್ಚೆ ವಾಚಕರ ಪತ್ರಗಳ ಅಂಕಣದಲ್ಲಿ ಶುರುವಾಗುತ್ತದೆ. ವಿಶೇಷ ತರಗತಿ, ಗುಂಪು ಅಧ್ಯಯನ, ಪಾಸಿಂಗ್ ಪ್ಯಾಕೇಜ್, ಹಳೆಯ ಪ್ರಶ್ನೆಪತ್ರಿಕೆಗಳ ಅಭ್ಯಾಸ ಎಂದು ಪರಿಹಾರಗಳ ಸಲಹೆಯೂ ಬರುತ್ತದೆ. ಮಲೆನಾಡಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗಣಿತ ಪಾಠ ಮಾಡಿ ನಿವೃತ್ತನಾದವನು ನಾನು. ಇವೆಲ್ಲವನ್ನೂ ಮಾಡಿದ್ದೇನೆ, ಮಾಡಿಸಿದ್ದೇನೆ. ಇವುಗಳಿಂದ ಉತ್ತೀರ್ಣರಾದವರ ಸಂಖ್ಯೆ ಏರಿದ್ದುಂಟು. ಆದರೆ ಹಿಂದೆ ಕಂಡಿರದ ಪ್ರಶ್ನೆಯೊಂದು ಎದುರಾದಾಗ ಪೆನ್ನು ಕೆಳಗಿಟ್ಟು ಕೂರುವ ಮಕ್ಕಳ ಸಂಖ್ಯೆ ಇಳಿದದ್ದನ್ನು ನಾನು ಕಾಣಲಿಲ್ಲ. ಆ ಮಕ್ಕಳ ಕೈಗೆ ಮತ್ತೆ ಪೆನ್ನು ಬಂದದ್ದನ್ನು ನಾನು ಕಂಡದ್ದು ಬೇರೆ ಕಡೆ, ಇಬ್ಬರು ಎದುರುಬದುರು ಕೂತು ಆಡುವ, ದಾಳವಿಲ್ಲದ, ಅದೃಷ್ಟಕ್ಕೆ ಎಡೆಯಿಲ್ಲದ ಆಟಗಳಲ್ಲಿ. ಅಂಥ ಆಟಗಳಿಗೆ ಗಣಿತದ ವೇಳಾಪಟ್ಟಿಯಲ್ಲಿಯೇ ಜಾಗ ಕೊಡಬೇಕೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ನಾವು 'ಲೆಕ್ಕ ಬಿಡಿಸು' ಎನ್ನುತ್ತೇವೆ. ಬಿಡಿಸುವುದೆಂದರೆ ಗಂಟನ್ನು ಬಿಡಿಸುವುದು. ಆದರೆ ಪಠ್ಯಪುಸ್ತಕದ ಅಭ್ಯಾಸಗಳಲ್ಲಿ ಗಂಟೇ ಇರುವುದಿಲ್ಲ. ವರ್ಗ ಸಮೀಕರಣದ ಅಧ್ಯಾಯದ ಕೊನೆಯಲ್ಲಿರುವ ಲೆಕ್ಕ ವರ್ಗ ಸಮೀಕರಣದಿಂದಲೇ ಬಿಡುತ್ತದೆ ಎಂಬುದು ಮಗುವಿಗೆ ಪ್ರಶ್ನೆ ಓದುವ ಮೊದಲೇ ಗೊತ್ತು. ಯಾವ ದಾರಿ ಹಿಡಿಯಬೇಕು ಎಂಬ ಗೊಂದಲ, ಹಿಡಿದ ದಾರಿ ತಪ್ಪಾದಾಗ ಹಿಂದಕ್ಕೆ ಬಂದು ಇನ್ನೊಂದನ್ನು ಹಿಡಿಯುವ ಧೈರ್ಯ, ಸಿಕ್ಕ ಉತ್ತರ ಎಲ್ಲ ಸಂದರ್ಭಕ್ಕೂ ನಿಲ್ಲುತ್ತದೆಯೇ ಎಂಬ ಅನುಮಾನ, ಈ ಮೂರೂ ಸೇರಿದರೆ ಮಾತ್ರ ಅದು ಸಮಸ್ಯೆ. ಇವು ಮೂರೂ ಇಲ್ಲದ ಅಭ್ಯಾಸವನ್ನು ಹತ್ತು ವರ್ಷ ಮಾಡಿಸಿ, ಕೊನೆಗೊಂದು ದಿನ ಅನ್ವಯ ಪ್ರಶ್ನೆ ಕೊಟ್ಟು, ಮಕ್ಕಳಿಗೆ ಯೋಚಿಸಲು ಬರುವುದಿಲ್ಲ ಎಂದು ದೂರುವುದು ಅನ್ಯಾಯ.

ಒಂದು ಆಟವನ್ನು ಹತ್ತಿರದಿಂದ ನೋಡೋಣ. ಮೇಜಿನ ಮೇಲೆ 21 ಹುಣಸೆ ಬೀಜಗಳಿವೆ. ಇಬ್ಬರು ಸರದಿಯ ಪ್ರಕಾರ ಒಂದು, ಎರಡು ಅಥವಾ ಮೂರು ಬೀಜ ತೆಗೆಯಬೇಕು. ಕೊನೆಯ ಬೀಜ ಯಾರ ಕೈಗೆ ಬರುತ್ತದೋ ಅವರು ಗೆದ್ದಂತೆ. ನಿಯಮ ಇಷ್ಟೇ. ಒಂದು ಮಳೆಗಾಲದ ಮಧ್ಯಾಹ್ನ ಕರೆಂಟು ಹೋಗಿ ಹಲಗೆಯೇ ಕಾಣದಂತಾದಾಗ, ಎಂಟನೇ ತರಗತಿಯ ಮಕ್ಕಳನ್ನು ಜೋಡಿ ಜೋಡಿಯಾಗಿ ಕೂರಿಸಿ ಈ ಆಟ ಕೊಟ್ಟೆ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಇಬ್ಬರು ಹುಡುಗಿಯರು ಆಡುತ್ತಿದ್ದರು. ಒಬ್ಬಳು ಸಾಲಾಗಿ ಐದು ಸಲ ಸೋತಳು. ಆರನೆಯ ಸಲ ನಾಲ್ಕು ಬೀಜ ಉಳಿದು ತನ್ನ ಸರದಿ ಬಂದಾಗ ಅವಳು ಕೈ ಚಾಚಲಿಲ್ಲ. ಆ ನಾಲ್ಕನ್ನೂ ಸಾಲಾಗಿ ಜೋಡಿಸಿ ಸ್ವಲ್ಪ ಹೊತ್ತು ನೋಡುತ್ತ ಕೂತಳು. "ನಾಲ್ಕು ಉಳಿದಾಗ ನನ್ನ ಸರದಿ ಬಂದ್ರೆ ಮುಗೀತು ಕಣೇ. ನಾನು ಒಂದು ತಗೊಂಡ್ರೆ ನೀನು ಮೂರು ತಗೋತೀಯ, ಎರಡು ತಗೊಂಡ್ರೆ ಎರಡು, ಮೂರು ತಗೊಂಡ್ರೆ ಒಂದು" ಎಂದಳು. ಸ್ವಲ್ಪ ತಡೆದು, "ಹಾಗಾದ್ರೆ ಎಂಟು ಉಳಿದಾಗ್ಲೂ ಹಂಗೇ ಅಲ್ವಾ?" ಎಂದಳು.

ಆ 'ಹಾಗಾದ್ರೆ' ಎಂಬ ಒಂದು ಮಾತಿಗಾಗಿ ನಾನು ಎಷ್ಟೋ ವರ್ಷ ಕಾದಿದ್ದೆ. ಅಂತ್ಯದಿಂದ ಹಿಂದಕ್ಕೆ ನಡೆದು ಬರುವುದು, ಎಲ್ಲ ಸಾಧ್ಯತೆಗಳನ್ನೂ ಒಂದೊಂದಾಗಿ ತೂಗುವುದು, ನಾಲ್ಕಕ್ಕೆ ಸತ್ಯವಾದದ್ದನ್ನು ಎಂಟಕ್ಕೆ ಒಯ್ಯುವುದು, ಇಷ್ಟನ್ನೂ ಅವಳು ಯಾರೂ ಹೇಳಿಕೊಡದೆ ಮಾಡಿದ್ದಳು. ಮುಂದೆ 12, 16, 20 ತಾವಾಗಿಯೇ ಬಂದವು. 21 ಬೀಜಗಳಿರುವಾಗ ಮೊದಲು ಆಡುವವರು ಒಂದನ್ನು ತೆಗೆದು 20ನ್ನು ಬಿಟ್ಟುಕೊಟ್ಟರೆ, ಅಲ್ಲಿಂದಾಚೆಗೆ ಎದುರಾಳಿ ತೆಗೆದದ್ದಕ್ಕೆ ತಾನು ತೆಗೆಯುವುದನ್ನು ಸೇರಿಸಿ ಪ್ರತಿ ಸುತ್ತಿನಲ್ಲೂ ನಾಲ್ಕು ಮಾಡುತ್ತ ಹೋದರೆ, ಗೆಲುವು ಖಚಿತ. ಪಿಯುಸಿಯಲ್ಲಿ ಗಣಿತೀಯ ಅನುಗಮನ ಎಂಬ ಹೆಸರಿನಲ್ಲಿ ಬರುತ್ತಿದ್ದ, ಅಲ್ಲಿ ಬಹಳಷ್ಟು ಮಕ್ಕಳು ಅರ್ಥವಾಗದೆ ಬಾಯಿಪಾಠ ಮಾಡುತ್ತಿದ್ದ ತರ್ಕದ ತಿರುಳು ಇದೇ ಆಗಿದೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಇದಕ್ಕೆ ಎರಡು ವರ್ಷ ಮೊದಲು ಇದೇ ಆಟವನ್ನು ಇನ್ನೊಂದು ಶಾಲೆಯಲ್ಲಿ ಆಡಿಸಿ, ಹತ್ತು ನಿಮಿಷವಾಗುತ್ತಲೇ 'ಎದುರಾಳಿಗೆ ಯಾವಾಗಲೂ ನಾಲ್ಕರ ಗುಣಕವನ್ನು ಬಿಟ್ಟುಕೊಡಬೇಕು' ಎಂದು ಹಲಗೆಯ ಮೇಲೆ ಬರೆದಿದ್ದೆ. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಆಟ ಅಲ್ಲಿಗೇ ಸತ್ತಿತು. ಮಾರನೆಯ ದಿನ ಒಂದರಿಂದ ನಾಲ್ಕರವರೆಗೆ ತೆಗೆಯಬಹುದು ಎಂದು ನಿಯಮ ಬದಲಿಸಿದಾಗ ಅರ್ಧ ತರಗತಿ ಆಗಲೂ ನಾಲ್ಕರ ಗುಣಕವನ್ನೇ ಬಿಟ್ಟುಕೊಡುತ್ತಿತ್ತು. ಆಟವನ್ನು ತರಗತಿಗೆ ತಂದ ಮಾತ್ರಕ್ಕೆ ಏನೂ ಆಗುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅಂದು. ಉತ್ತರ ಗೊತ್ತಿರುವ ಶಿಕ್ಷಕರು ಬಾಯಿ ಮುಚ್ಚಿಕೊಂಡು ಕೂರಬೇಕಾದ ಆ ಮೂವತ್ತು ನಿಮಿಷಗಳಿವೆಯಲ್ಲ, ಪಾಠ ಮಾಡುವುದಕ್ಕಿಂತ ಅದು ಬಹಳ ಕಷ್ಟ. ಶಿಕ್ಷಕರು ಕೇಳಬೇಕಾದ ಪ್ರಶ್ನೆಗಳು ಎರಡೋ ಮೂರೋ ಮಾತ್ರ: ಎಲ್ಲಿ ಸೋತೆ? ಅದಕ್ಕಿಂತ ಒಂದು ನಡೆ ಹಿಂದೆ ಬೇರೆ ಏನು ಮಾಡಬಹುದಿತ್ತು? ಯಾವಾಗಲೂ ಗೆಲ್ಲುತ್ತೇನೆ ಎಂದು ಹೇಗೆ ಹೇಳುತ್ತೀ?

ಈ ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ಹುಡುಗಿಯರು ಕಂಡುಕೊಂಡ ನಿಯಮವನ್ನು ತರಗತಿಯೆಲ್ಲ ಒಪ್ಪಿದ ಮೇಲೆ, ಒಂದರಿಂದ ನಾಲ್ಕರವರೆಗೆ ತೆಗೆಯುವ ಆಟದಲ್ಲಿ ಐದರ ಗುಣಕ ಬಿಟ್ಟುಕೊಡಬೇಕು ಎಂಬುದನ್ನೂ ಅವರೇ ಕಂಡುಕೊಂಡರು. 'ಅತಿ ಹೆಚ್ಚು ಎಷ್ಟು ತೆಗೆಯಬಹುದೋ ಅದಕ್ಕೆ ಒಂದು ಸೇರಿಸು' ಎಂಬ ಸೂತ್ರವೂ ಸಿದ್ಧವಾಯಿತು. ಆಗ ನಾನು ಎರಡನ್ನು ನಿಷೇಧಿಸಿದೆ. ಒಂದು, ಮೂರು ಅಥವಾ ನಾಲ್ಕು ಬೀಜ ಮಾತ್ರ ತೆಗೆಯಬಹುದು ಎಂದೆ. ಸೂತ್ರದ ಪ್ರಕಾರ ಐದನ್ನು ಬಿಟ್ಟುಕೊಟ್ಟವನು ಸೋತ. ಏಕೆಂದರೆ ಎದುರಾಳಿ ಮೂರು ತೆಗೆದು ಎರಡನ್ನು ಉಳಿಸಿದ. ಎರಡು ಉಳಿದಾಗ ಒಂದನ್ನು ತೆಗೆಯದೆ ಬೇರೆ ದಾರಿಯೇ ಇಲ್ಲ, ಆಮೇಲೆ ಉಳಿದ ಒಂದು ಎದುರಾಳಿಯ ಪಾಲು. ಮಕ್ಕಳು ಸಿಟ್ಟಿಗೆದ್ದರು. ಸೂತ್ರ ಸುಳ್ಳಾಯಿತು ಎಂಬ ಸಿಟ್ಟು ಗಣಿತದ ತರಗತಿಯಲ್ಲಿ ಹುಟ್ಟುವುದು ಎಷ್ಟು ಅಪರೂಪ! ಆ ಸಿಟ್ಟಿನಲ್ಲಿಯೇ ಅವರು ಒಂದರಿಂದ ಶುರುಮಾಡಿ ಪ್ರತಿ ಸಂಖ್ಯೆಯ ಎದುರಿಗೆ 'ಗೆಲುವು', 'ಸೋಲು' ಎಂದು ಬರೆಯುತ್ತ ಹೋದರು. ಸರದಿ ಬಂದವರು ಸೋಲುವ ಸಂಖ್ಯೆಗಳು 2, 7, 9, 14, 16, 21 ಎಂದು ಬಂದವು. ಏಳೇಳಕ್ಕೆ ಪುನರಾವರ್ತನೆಯಾಗುವ ಆ ಸಾಲನ್ನು ಹಿಂದಿನ ಬೆಂಚಿನ ಹುಡುಗನೊಬ್ಬ ಮೊದಲು ಗುರುತಿಸಿದ. ಮಗ್ಗಿ ಬಾರದೆಂದು ಅವನನ್ನು ನಾನು ಹಲವು ಸಲ ಗದರಿಸಿದ್ದೆ.

ಪಠ್ಯಪುಸ್ತಕದ ಲೆಕ್ಕಕ್ಕೆ ಎದುರಾಳಿ ಇಲ್ಲ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಪುಸ್ತಕದ ಕೊನೆಯ ಪುಟ ಹೇಳುತ್ತದೆ, ಇಲ್ಲವೇ ಶಿಕ್ಷಕರ ಕೆಂಪು ಶಾಯಿ ಹೇಳುತ್ತದೆ. ಆಟದಲ್ಲಿ ಹಾಗಲ್ಲ. 'ನಾನು ಗೆದ್ದೇ ಗೆಲ್ಲುತ್ತೇನೆ' ಎಂದು ಹೇಳಿದ ಮಗು, ತನ್ನ ಮಾತನ್ನು ಸುಳ್ಳು ಮಾಡಲು ಪಣ ತೊಟ್ಟು ಎದುರಿಗೆ ಕೂತಿರುವ ಇನ್ನೊಂದು ಮಗುವಿನ ಎದುರು ಅದನ್ನು ಉಳಿಸಿಕೊಳ್ಳಬೇಕು. 'ನೀನು ಏನೇ ಮಾಡು, ಅದಕ್ಕೆ ನನ್ನ ಬಳಿ ಒಂದು ಉತ್ತರವಿದೆ' ಎನ್ನುವುದು ಸಾಧನೆಯ, ಅಂದರೆ ಗಣಿತದ ಪುರಾವೆಯ, ಭಾಷೆ. ಪದವಿ ತರಗತಿಗೆ ಹೋದ ವಿದ್ಯಾರ್ಥಿಗಳು ಮಿತಿಯ (ಲಿಮಿಟ್) ವ್ಯಾಖ್ಯೆಯಲ್ಲಿ, 'ನೀವು ಯಾವುದೇ ಎಪ್ಸಿಲಾನ್ ಕೊಡಿ, ಅದಕ್ಕೆ ತಕ್ಕ ಡೆಲ್ಟಾ ಒಂದಿದೆ' ಎಂಬ ವಾಕ್ಯದ (ಎರಡೂ ಎಷ್ಟು ಬೇಕಾದರೂ ಚಿಕ್ಕದಾಗಿರಬಹುದಾದ ಧನ ಸಂಖ್ಯೆಗಳ ಹೆಸರು) ಎದುರು ಕಂಗಾಲಾಗುವುದನ್ನು ನಾನು ನೋಡಿದ್ದೇನೆ. ಹುಣಸೆ ಬೀಜದ ಆಟ ಆಡಿದವರಿಗೆ ಆ ವಾಕ್ಯ ಪರಿಚಿತವಾದ ಸರದಿಯ ಆಟವಾಗಿಯೇ ಕಾಣುತ್ತದೆ: ಎದುರಾಳಿಯ ನಡೆ ಎಪ್ಸಿಲಾನ್, ನನ್ನ ನಡೆ ಡೆಲ್ಟಾ.

ಬೀಜಗಳನ್ನು ಒಂದೇ ರಾಶಿಯ ಬದಲು ಎರಡು ಸಮ ರಾಶಿಗಳಾಗಿ ಇಟ್ಟು, ಒಂದು ಸಲಕ್ಕೆ ಒಂದೇ ರಾಶಿಯಿಂದ ಎಷ್ಟು ಬೇಕಾದರೂ ತೆಗೆಯಬಹುದು ಎಂದರೆ ಇನ್ನೊಂದು ವಿಚಾರ ತೆರೆದುಕೊಳ್ಳುತ್ತದೆ. ಎರಡನೆಯವರು ಮೊದಲಿನವರನ್ನು ಕನ್ನಡಿಯಂತೆ ಅನುಸರಿಸಿದರೆ ಸಾಕು. ರಾಶಿಗಳು ಮೂರಾದರೆ ಆಟ ನಿಜಕ್ಕೂ ಕಠಿಣವಾಗುತ್ತದೆ. ಇದಕ್ಕೆ 'ನಿಮ್' ಎಂದು ಹೆಸರಿಟ್ಟು, ಪೂರ್ಣ ಸಿದ್ಧಾಂತವನ್ನು 1901–02ರಲ್ಲಿ ಪ್ರಕಟಿಸಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಬೌಟನ್. ಮೂರು, ನಾಲ್ಕು, ಐದು ಬೀಜಗಳ ರಾಶಿಗಳಿವೆ ಎಂದುಕೊಳ್ಳೋಣ. ಪ್ರತಿ ರಾಶಿಯನ್ನೂ ನಾಲ್ಕು, ಎರಡು, ಒಂದರ ಗುಂಪುಗಳಾಗಿ ಒಡೆಯಿರಿ. ಮೂರೆಂದರೆ ಎರಡು ಮತ್ತು ಒಂದು. ನಾಲ್ಕು ಹಾಗೇ ಉಳಿಯುತ್ತದೆ. ಐದೆಂದರೆ ನಾಲ್ಕು ಮತ್ತು ಒಂದು. ನಾಲ್ಕರ ಗುಂಪುಗಳು ಎರಡಿವೆ, ಒಂದರ ಗುಂಪುಗಳೂ ಎರಡಿವೆ, ಎರಡರ ಗುಂಪು ಮಾತ್ರ ಒಂಟಿ. ಆ ಒಂಟಿ ಗುಂಪನ್ನು, ಅಂದರೆ ಮೂರರ ರಾಶಿಯಿಂದ ಎರಡು ಬೀಜಗಳನ್ನು ತೆಗೆದುಬಿಟ್ಟರೆ ಎಲ್ಲ ಗುಂಪುಗಳೂ ಜೋಡಿಯಾಗುತ್ತವೆ. ಎದುರಾಳಿ ಏನೇ ತೆಗೆದರೂ ಜೋಡಿ ಕೆಡುತ್ತದೆ, ನಾವು ಮತ್ತೆ ಜೋಡಿ ಮಾಡಬಹುದು. ಒಂದು, ಎರಡು, ನಾಲ್ಕು ಎಂದು ಇಮ್ಮಡಿಯಾಗುವ ಗುಂಪುಗಳಲ್ಲಿ ಸಂಖ್ಯೆ ಬರೆಯುವ ಈ ದ್ವಿಮಾನ ಪದ್ಧತಿ ಕಂಪ್ಯೂಟರಿಗಷ್ಟೇ ಬೇಕಾದದ್ದು ಎಂದುಕೊಂಡಿದ್ದ ಹತ್ತನೇ ತರಗತಿಯ ಮಕ್ಕಳಿಗೆ ಇದು ಕೊಡುವ ಆಶ್ಚರ್ಯ ಅಷ್ಟಿಷ್ಟಲ್ಲ. ಇಂಥ ಆಟಗಳೆಲ್ಲವೂ ಒಳಗೊಳಗೇ ನಿಮ್ ರಾಶಿಗಳಂತೆಯೇ ವರ್ತಿಸುತ್ತವೆ ಎಂದು 1935ರಲ್ಲಿ ರೋಲಾಂಡ್ ಸ್ಪ್ರಾಗ್, 1939ರಲ್ಲಿ ಪ್ಯಾಟ್ರಿಕ್ ಗ್ರಂಡಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ಬೇರೆ ಬೇರೆಯಾಗಿ ತೋರಿಸಿದರು. ಮಕ್ಕಳಾಟವೆಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ಕನ್ನಡಿಯ ಉಪಾಯವನ್ನು ಕಲಿಸಲು ನನಗೆ ಅತ್ಯಂತ ಇಷ್ಟವಾದ ಸಾಧನ ಬಿಸಿಯೂಟದ ತಟ್ಟೆ. ಒಂದೇ ಅಳತೆಯ ನಾಣ್ಯಗಳನ್ನು ಇಬ್ಬರು ಸರದಿಯಂತೆ ತಟ್ಟೆಯಲ್ಲಿ ಇಡುತ್ತ ಹೋಗಬೇಕು. ಒಂದರ ಮೇಲೊಂದು ಬರಬಾರದು, ತಟ್ಟೆಯಿಂದ ಹೊರಗೆ ಚಾಚಬಾರದು. ಇಡಲು ಜಾಗ ಸಿಗದವರು ಸೋತಂತೆ. ಮೊದಲಿನವರು ನಾಣ್ಯವನ್ನು ತಟ್ಟೆಯ ನಟ್ಟನಡುವೆ ಇಟ್ಟು, ಆಮೇಲೆ ಎದುರಾಳಿ ಇಟ್ಟಲ್ಲಿಗೆ ನೇರ ಎದುರಿನ ಜಾಗದಲ್ಲಿ ಇಡುತ್ತ ಹೋದರೆ ಸೋಲೇ ಇಲ್ಲ. ಇದನ್ನು ಕಂಡುಹಿಡಿಯಲು ಒಂಬತ್ತನೇ ತರಗತಿಗೆ ಎರಡು ಅವಧಿ ಬೇಕಾಯಿತು. ಆಮೇಲೆ ಪ್ರಶ್ನೆಗಳು ಶುರುವಾದವು, ಅವೂ ಮಕ್ಕಳವೇ. ತಟ್ಟೆ ಚೌಕವಾಗಿದ್ದರೆ? ಆಗಲೂ ನಡೆಯುತ್ತದೆ. ತ್ರಿಕೋನವಾಗಿದ್ದರೆ? ನಡೆಯುವುದಿಲ್ಲ, ಏಕೆಂದರೆ ತ್ರಿಕೋನದ ಒಂದು ಮೂಲೆಗೆ ನೇರ ಎದುರಿಗೆ ಮೂಲೆಯಿಲ್ಲ, ಬಾಹುವಿದೆ. ಒಬ್ಬಳು ಕೇಳಿದಳು: ತಟ್ಟೆಯ ನಡುವೆ ದೊಡ್ಡ ತೂತಿದ್ದರೆ ಏನಾಗುತ್ತದೆ ಸಾರ್? ನಾನೇ ಒಂದು ಕ್ಷಣ ಯೋಚಿಸಬೇಕಾಯಿತು. ನಡುವಿನ ಜಾಗ ಯಾರಿಗೂ ಸಿಗದಿದ್ದರೆ ಕನ್ನಡಿಯ ಉಪಾಯ ಎರಡನೆಯವರ ಕೈಗೆ ಹೋಗುತ್ತದೆ; ಗೆಲ್ಲುವವರು ಅದಲುಬದಲಾಗುತ್ತಾರೆ. ಸಮಮಿತಿಯ ಬಗ್ಗೆ ನಾನು ಮಾಡಿದ ಎಷ್ಟೋ ಪಾಠಗಳಿಂದ ಆಗದ್ದನ್ನು ಆ ತೂತಿನ ತಟ್ಟೆ ಮಾಡಿತು.

ಗೆಲ್ಲುವ ದಾರಿ ಗೊತ್ತಿಲ್ಲದಿದ್ದರೂ ಗೆಲುವು ಇದೆಯೆಂದು ಸಾಧಿಸಬಹುದು ಎಂಬುದನ್ನೂ ಹತ್ತನೇ ತರಗತಿಯವರಿಗೆ ತೋರಿಸಬಹುದು. ಚೌಕ ಚೌಕವಾಗಿ ಗೆರೆ ಹಾಕಿದ ಶೇಂಗಾ ಚಿಕ್ಕಿಯ ಹಲಗೆಯೊಂದನ್ನು ಊಹಿಸಿಕೊಳ್ಳಿ. ಎಡಗಡೆಯ ಕೆಳಮೂಲೆಯ ತುಂಡು ಕಹಿ. ಸರದಿ ಬಂದವರು ಒಂದು ತುಂಡನ್ನು ಆರಿಸಿ, ಅದನ್ನೂ ಅದರ ಮೇಲಕ್ಕೂ ಬಲಕ್ಕೂ ಇರುವ ಎಲ್ಲ ತುಂಡುಗಳನ್ನೂ ತೆಗೆದುಕೊಳ್ಳಬೇಕು. ಕಹಿ ತುಂಡು ಯಾರಿಗೆ ಬರುತ್ತದೋ ಅವರು ಸೋತಂತೆ. ಅಮೆರಿಕದ ಗಣಿತಜ್ಞ ಡೇವಿಡ್ ಗೇಲ್ 1974ರಲ್ಲಿ ಈ ಆಟವನ್ನು ವಿವರಿಸಿದರು. ಒಂದಕ್ಕಿಂತ ಹೆಚ್ಚು ತುಂಡುಗಳಿರುವ ಯಾವ ಹಲಗೆಯಲ್ಲಾದರೂ ಮೊದಲಿನವರಿಗೆ ಗೆಲ್ಲುವ ದಾರಿ ಇದ್ದೇ ಇದೆ. ಕಾರಣ ಇಷ್ಟು: ಎರಡನೆಯವರಿಗೆ ಖಚಿತ ಗೆಲುವಿದೆ ಎಂದೇ ಇಟ್ಟುಕೊಳ್ಳಿ, ಮೊದಲಿನವರು ಕಹಿ ತುಂಡಿಗೆ ಎದುರು ಮೂಲೆಯ ಒಂದೇ ಒಂದು ತುಂಡನ್ನು ತೆಗೆದರೆ, ಅದಕ್ಕೆ ಎರಡನೆಯವರು ಕೊಡುವ ಗೆಲುವಿನ ಉತ್ತರವನ್ನು ಮೊದಲಿನವರೇ ಮೊದಲ ನಡೆಯಲ್ಲಿ ಆಡಬಹುದಿತ್ತು. ಹಾಗಾದರೆ ಎರಡನೆಯವರಿಗೆ ಖಚಿತ ಗೆಲುವು ಹೇಗಿದ್ದೀತು? ಆದರೆ ಆ ಗೆಲ್ಲುವ ಮೊದಲ ನಡೆ ಯಾವುದು ಎಂದು ಎಲ್ಲ ಅಳತೆಯ ಹಲಗೆಗಳಿಗೂ ಅನ್ವಯಿಸುವ ನಿಯಮವೊಂದನ್ನು ಯಾರೂ ಕಂಡುಹಿಡಿದಿಲ್ಲ. ಗಣಿತದಲ್ಲಿ ಎಲ್ಲವೂ ಯಾವಾಗಲೋ ಮುಗಿದುಹೋಗಿದೆ, ನಮಗೆ ಉಳಿದಿರುವುದು ಸೂತ್ರ ಹಾಕುವುದೊಂದೇ ಎಂದು ನಂಬಿರುವ ಮಗುವಿಗೆ, ತಾನು ಬೆಂಚಿನ ಮೇಲೆ ಆಡುತ್ತಿರುವ ಆಟದ ಉತ್ತರ ಪ್ರಪಂಚದ ಯಾವ ಪ್ರೊಫೆಸರಿಗೂ ಪೂರ್ತಿ ಗೊತ್ತಿಲ್ಲ ಎಂದು ತಿಳಿಸಿದಾಗ ಅದರ ಮುಖವನ್ನು ನೋಡಬೇಕು.

ಇವೆಲ್ಲ ಹೊರಗಿನಿಂದ ಬಂದ ಆಟಗಳು, ನಮ್ಮವೇನಿಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಇರುವಷ್ಟು ಬೇರೆಡೆ ಇರುವುದೇ ಕಡಿಮೆ. ಹಂಪಿಯ ದೇವಾಲಯಗಳ ನೆಲಹಾಸಿನ ಕಲ್ಲುಗಳಲ್ಲಿ ಕೊರೆದ ಆಟದ ಮನೆಗಳನ್ನು ಇಂದಿಗೂ ನೋಡಬಹುದು. ಆಡು-ಹುಲಿ ಆಟದಲ್ಲಿ ಒಬ್ಬರಿಗೆ ಮೂರು ಹುಲಿ, ಇನ್ನೊಬ್ಬರಿಗೆ 15 ಆಡು. ಇಬ್ಬರ ಬಲವೂ ಬೇರೆ, ಗುರಿಯೂ ಬೇರೆ. ಯಾವ ಮನೆಯಿಂದ ಎಷ್ಟು ದಾರಿಗಳು ಹೊರಡುತ್ತವೆ ಎಂದು ಪ್ರತಿ ಮನೆಯಲ್ಲೂ ಅಂಕಿ ಬರೆಸಿದರೆ, ಹುಲಿ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಮಗುವಿಗೆ ಕಾಣತೊಡಗುತ್ತದೆ. 24 ಮನೆಗಳ ಸಾಲುಮನೆ ಆಟವನ್ನು 1993ರಲ್ಲಿ ರಾಲ್ಫ್ ಗಾಸರ್ ಕಂಪ್ಯೂಟರಿನಿಂದ ಪೂರ್ತಿ ಬಿಡಿಸಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮವಾಗುತ್ತದೆ ಎಂದು ತೋರಿಸಿದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳನ್ನೂ, ಚದುರಂಗದ ಕುದುರೆಯ ನಡೆಯ ಬಂಧಗಳನ್ನೂ ರಚಿಸುವುದರಲ್ಲಿ ತೋರಿದ ಆಸ್ಥೆ ಎಲ್ಲರಿಗೂ ತಿಳಿದದ್ದೇ.

ನನ್ನ ತಾಯಿ ಕಾರ್ಕಳದ ಕಡೆಯವರು. ಆಟಿ ತಿಂಗಳ ಮಳೆಯಲ್ಲಿ ಜಗಲಿಯ ಮೇಲೆ ಚೆನ್ನೆಮಣೆ ಇಟ್ಟುಕೊಂಡು ಕೂರುತ್ತಿದ್ದರು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿಯಂತೆ ಒಟ್ಟು 56. ಒಂದು ಗುಳಿಯ ಕಾಯಿಗಳನ್ನೆಲ್ಲ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಸುತ್ತುವ ಆಟ. ಅವರು ಕಾಯಿಗಳನ್ನು ಎಣಿಸುತ್ತಿರಲಿಲ್ಲ. ಗುಳಿಯ ಮೇಲೆ ಅಂಗೈ ಆಡಿಸಿ, ಕಣ್ಣು ಹಾಯಿಸಿ, ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ತೆಗೆಯುವ ಮೊದಲೇ ತಿಳಿದಿರುತ್ತಿದ್ದರು. ಶಾಲೆಯಲ್ಲಿ ನಾಲ್ಕನೇ ತರಗತಿ ದಾಟದಿದ್ದ ಅವರು ತಲೆಯಲ್ಲಿ ಮಾಡುತ್ತಿದ್ದದ್ದು 14ರಿಂದ ಭಾಗಿಸಿ ಶೇಷವನ್ನು ಹಿಡಿಯುವ ಲೆಕ್ಕ ಎಂಬುದು ನನಗೆ ಹೊಳೆದದ್ದು ಕಾಲೇಜಿಗೆ ಹೋದ ಮೇಲೆ. ಅದನ್ನು ಅವರಿಗೆ ಹೇಳುವ ಹೊತ್ತಿಗೆ ಅವರಿರಲಿಲ್ಲ. ಈಗ ಚೆನ್ನೆಮಣೆ, ಅಳಗುಳಿಮಣೆಗಳು 'ಆಟಿಡೊಂಜಿ ದಿನ'ದಂಥ ಕಾರ್ಯಕ್ರಮಗಳಲ್ಲಿ, ದಸರೆಯ ಗೊಂಬೆಗಳ ಪಕ್ಕದಲ್ಲಿ ಪ್ರದರ್ಶನಕ್ಕೆ ಕೂತಿವೆ. ಅವುಗಳ ಜಾಗ ಅಲ್ಲಲ್ಲ, ಗಣಿತದ ಬೆಂಚಿನ ಮೇಲೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಒಮ್ಮೆ ಶಾಲೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಬೆಂಚುಗಳ ಮೇಲಿನ ಹುಣಸೆ ಬೀಜಗಳನ್ನು ನೋಡಿ, ಗಣಿತದ ಅವಧಿಯಲ್ಲಿ ಮಕ್ಕಳನ್ನು ಆಟಕ್ಕೆ ಬಿಟ್ಟು ಕಾಲಹರಣ ಮಾಡಲಾಗುತ್ತಿದೆ ಎಂದು ಷರಾ ಬರೆದು ಹೋದರು. ಮಕ್ಕಳ ನೋಟ್‌ಬುಕ್ಕುಗಳಲ್ಲಿದ್ದ ಗೆಲುವು-ಸೋಲಿನ ಕೋಷ್ಟಕಗಳನ್ನು ಅವರು ತೆರೆದು ನೋಡಲಿಲ್ಲ. ಅವರೊಬ್ಬರನ್ನೇ ದೂರುವುದಿಲ್ಲ. ಪೋರ್ಷನ್ ಮುಗಿಸುವುದೇ ಬೋಧನೆ ಎಂಬ ನಂಬಿಕೆಯಲ್ಲಿ ನಾವೆಲ್ಲರೂ ಬೆಳೆದವರು. ಆದರೆ ಪೋರ್ಷನ್ ಮುಗಿದ ಮೇಲೂ ಅದು ಮಕ್ಕಳ ತಲೆಗೆ ಹೋಗಿಲ್ಲವೆಂದು ಜನವರಿಯಿಂದ ಮಾರ್ಚ್‌ವರೆಗೆ ಮತ್ತೆ ಮಾಡುತ್ತೇವಲ್ಲ, ಆ ಸಮಯದ ಲೆಕ್ಕವನ್ನು ಯಾರೂ ಇಡುವುದಿಲ್ಲ. ವಾರಕ್ಕೊಂದು ಅವಧಿಯನ್ನು ಆಟಕ್ಕೆ ಕೊಟ್ಟ ವರ್ಷಗಳಲ್ಲಿ ನನ್ನ ಪಾಠಗಳು ಹಿಂದೆ ಬೀಳಲಿಲ್ಲ.

ಸೋಲು-ಗೆಲುವಿನ ಪೈಪೋಟಿ ಮಕ್ಕಳ ಮನಸ್ಸನ್ನು ಕೆಡಿಸುವುದಿಲ್ಲವೇ ಎಂಬ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಅಕ್ಕ-ತಂಗಿಯರು ಚೆನ್ನೆ ಆಡಬಾರದೆಂಬ ನಂಬಿಕೆ ತುಳುನಾಡಿನಲ್ಲಿದೆ. ಚೆನ್ನೆಯ ಜಗಳದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರು ಪ್ರಾಣ ಕಳೆದುಕೊಂಡ ಕಥೆಯನ್ನು ಅಲ್ಲಿ ಹಾಡುತ್ತಾರೆ. ಹಾಗಾಗಿ ತರಗತಿಯಲ್ಲಿ ನಾನು ಅಂಕ ಬರೆದಿಡುತ್ತಿರಲಿಲ್ಲ, ಬಹುಮಾನ ಕೊಡುತ್ತಿರಲಿಲ್ಲ. ನಾಲ್ಕೈದು ಆಟಗಳಾದ ಮೇಲೆ ಎದುರುಬದುರು ಕೂತವರನ್ನೇ ಒಂದೇ ಕಡೆಗೆ ಕೂರಿಸಿ, 'ಇನ್ನು ನೀವಿಬ್ಬರೂ ಸೇರಿ ಈ ಆಟವನ್ನು ಸೋಲಿಸಿ' ಎನ್ನುತ್ತಿದ್ದೆ. ಜೋಡಿಗಳು ಸೇರಿ ನಾಲ್ವರ ಗುಂಪಾಗುತ್ತಿದ್ದವು. ಆಗ ಸೋತವರ ಮಾತಿಗೇ ಹೆಚ್ಚು ಬೆಲೆ ಬರುತ್ತಿತ್ತು. ಎಲ್ಲಿ ಎಡವಿದೆನೆಂದು ನೆನಪಿಟ್ಟುಕೊಂಡವರು ಅವರೇ ತಾನೇ.

ಮೊಬೈಲಿನಲ್ಲಿ ಇಂಥ ಆಟಗಳು ಬೇಕಾದಷ್ಟಿವೆ, ಶಾಲೆಯಲ್ಲೇಕೆ ಎನ್ನುವವರಿಗೆ ಒಂದೇ ಮಾತು: ಮೊಬೈಲು ಗೆಲ್ಲುತ್ತದೆ ಅಥವಾ ಸೋಲುತ್ತದೆ, ಆದರೆ 'ಹೇಗೆ ಹೇಳುತ್ತೀ?' ಎಂದು ಕೇಳುವುದಿಲ್ಲ.

ನೀತಿಯ ಮಟ್ಟದಲ್ಲಿ ಇದಕ್ಕೆ ಅಡ್ಡಿಯಿಲ್ಲ ಎಂಬುದು ಸಮಾಧಾನದ ಸಂಗತಿ. ಮಗುವಿನ ಆಲೋಚನೆಯನ್ನೇ ಗಣಿತೀಯವಾಗಿಸುವುದು ಗುರಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಒಗಟು ಮತ್ತು ಆಟಗಳನ್ನು ಗಣಿತ ಕಲಿಕೆಯಲ್ಲಿ ನಿಯಮಿತವಾಗಿ ಬಳಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿದೆ. ಎನ್‌ಸಿಇಆರ್‌ಟಿ 2024ರಲ್ಲಿ ಹೊರತಂದ ಆರನೇ ತರಗತಿಯ ಗಣಿತ ಪುಸ್ತಕದಲ್ಲಿ, ಒಂದೋ ಎರಡೋ ಮೂರೋ ಸೇರಿಸುತ್ತ ಹೋಗಿ ನಿಗದಿತ ಸಂಖ್ಯೆಯನ್ನು ಮೊದಲು ಮುಟ್ಟುವ ಆಟವೇ ಇದೆ. ನಮ್ಮ ರಾಜ್ಯದಲ್ಲಂತೂ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಮೊದಲ ಮೂರು ತರಗತಿಗಳಿಗೆ ಹಬ್ಬಿತು. ಗಣಿತ ಕಲಿಕಾ ಆಂದೋಲನದ ಕಿಟ್‌ಗಳು ನಾಲ್ಕು, ಐದನೇ ತರಗತಿಗಳಿಗೆ ಬಂದವು. ಮಗು ದೊಡ್ಡದಾದಂತೆ ಆಟ ಕೈಬಿಟ್ಟು ಹೋಗುತ್ತದೆ. ತರ್ಕ ಬಲಿಯುವ ವಯಸ್ಸಿಗೆ, ಅಂದರೆ ಎಂಟರಿಂದ ಹತ್ತನೇ ತರಗತಿಯಲ್ಲಿ, ಅದು ಪೂರ್ತಿ ನಿಂತುಬಿಡುತ್ತದೆ. ನಿಲ್ಲಬಾರದ ವಯಸ್ಸೇ ಅದು.

ಆದ್ದರಿಂದ ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಹೊಸ ಯೋಜನೆ ಬೇಡ, ಟೆಂಡರ್ ಕರೆದು ಕೊಳ್ಳುವ ಕಿಟ್ ಬೇಡ; ಹುಣಸೆ ಬೀಜ, ಹೊಂಗೆ ಬೀಜ, ಹೊಳೆಯ ಕಲ್ಲು ಸಾಕು. ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಗಣಿತದ ಅವಧಿಯನ್ನು ಇದಕ್ಕೆ ಮೀಸಲಿಡಬಹುದು. ಅದೂ ಕಷ್ಟವೆಂದರೆ ತಿಂಗಳಿಗೊಮ್ಮೆ ಬರುವ ಬ್ಯಾಗ್ ರಹಿತ ಶನಿವಾರದಿಂದಲೇ ಆರಂಭಿಸಬಹುದು. ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ, ಚಾರ್ಟು ಬರೆಸುವ ಬದಲು, ಒಂದು ಆಟವನ್ನು ಆಡಿ, ಗೆಲುವು-ಸೋಲಿನ ಸ್ಥಿತಿಗಳನ್ನು ಪಟ್ಟಿ ಮಾಡಿ, ತಾನು ಕಂಡುಕೊಂಡ ನಿಯಮಕ್ಕೆ ತನ್ನದೇ ಮಾತಿನಲ್ಲಿ ಕಾರಣ ಬರೆಯುವುದನ್ನು ಒಂದು ಚಟುವಟಿಕೆಯೆಂದು ಪರಿಗಣಿಸಲಿ. ಅಂಕ ಕೊಡುವುದು ಗೆದ್ದದ್ದಕ್ಕಲ್ಲ, ಬರೆದ ಕಾರಣಕ್ಕೆ. ಮತ್ತು ಶಿಕ್ಷಕರಿಗೆ ಪವರ್‌ಪಾಯಿಂಟ್ ತೋರಿಸಿ ತರಬೇತಿ ಕೊಡುವ ಮೊದಲು, ಸಮಾಲೋಚನಾ ಸಭೆಯಲ್ಲಿ ಅವರನ್ನೇ ಜೋಡಿ ಜೋಡಿಯಾಗಿ ಕೂರಿಸಿ ಮೂರು ರಾಶಿಗಳ ನಿಮ್ ಆಡಿಸಲಿ, ಉತ್ತರ ಹೇಳದೆ ಮನೆಗೆ ಕಳಿಸಲಿ. ರಾತ್ರಿಯೆಲ್ಲ ಅದೇ ತಲೆಯಲ್ಲಿ ಸುಳಿದಾಡಿ, ಬೆಳಗಾಗುವ ಹೊತ್ತಿಗೆ ಏನೋ ಹೊಳೆದ ಅನುಭವ ಆದವರು ಅದನ್ನು ಮಕ್ಕಳಿಂದ ಕಸಿದುಕೊಳ್ಳಲಾರರು.

ಸಂಪಾದಕರೇ, ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ಮಕ್ಕಳ ಪುಟದಲ್ಲಿ ಪದಬಂಧ, ಸುಡೊಕು, ಬಿಂದು ಸೇರಿಸಿ ಚಿತ್ರ ಮಾಡುವುದು ಬರುತ್ತಿವೆ. ಅವುಗಳ ಪಕ್ಕದಲ್ಲಿ ವಾರಕ್ಕೊಂದು ಇಬ್ಬರಾಡುವ ಆಟದ ನಿಯಮವನ್ನು, ನಾಲ್ಕೇ ಸಾಲಿನಲ್ಲಿ, ಅಚ್ಚು ಮಾಡುವಿರಾ? ಒಂದರಿಂದ ಒಂಬತ್ತರವರೆಗಿನ ಅಂಕಿಗಳಲ್ಲಿ ಇಬ್ಬರೂ ಸರದಿಯಂತೆ ಒಂದೊಂದನ್ನು ಆರಿಸುತ್ತ ಹೋಗಬೇಕು, ಒಬ್ಬರು ಆರಿಸಿದ್ದನ್ನು ಇನ್ನೊಬ್ಬರು ಆರಿಸುವಂತಿಲ್ಲ, ತನ್ನ ಬಳಿಯ ಯಾವುದಾದರೂ ಮೂರು ಅಂಕಿಗಳನ್ನು ಕೂಡಿ ಮೊದಲು 15 ಮಾಡಿದವರು ಗೆದ್ದಂತೆ. ಈ ಆಟದಿಂದಲೇ ಶುರು ಮಾಡಬಹುದು. ಅದು ಮಕ್ಕಳಿಗೆ ಆಗಲೇ ಗೊತ್ತಿರುವ ಇನ್ನೊಂದು ಆಟವೇ ವೇಷ ಬದಲಿಸಿಕೊಂಡು ಬಂದದ್ದು ಎಂಬುದನ್ನು ಅವರೇ ಪತ್ತೆ ಮಾಡಲಿ. ಉತ್ತರವನ್ನು ಮಾತ್ರ ದಯವಿಟ್ಟು ಅದೇ ಪುಟದ ಕೆಳಗೆ ತಲೆಕೆಳಗಾಗಿ ಹಾಕಬೇಡಿ. ಮುಂದಿನ ವಾರವೂ ಬೇಡ. ಮಕ್ಕಳಿಂದ ಪತ್ರಗಳು ಬಂದ ಮೇಲೆ, ಅವರು ಬರೆದ ಕಾರಣವನ್ನೇ ಅವರ ಮಾತಿನಲ್ಲಿಯೇ ಪ್ರಕಟಿಸಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ